ಎಚ್ಚರವಾಗಿದ್ದು ಜೊತೆಗಿರುವುದು

ಪ್ರಿಯರೇ, ಇವತ್ತು ನಾನು ಸಿಸಿಲಿ ಸಾಂಡರ್ಸ್ ಎಂಬ ಸಹೋದರಿಯ ಕೆಲಸವನ್ನು ನಿಮ್ಮ ಮುಂದೆ ಇಡ್ತೇನೆ. ಮೊದಲು ನರ್ಸ್, ಆಮೇಲೆ ಆಸ್ಪತ್ರೆಯ ಸಮಾಜ ಕಾರ್ಯಕರ್ತೆ, ಕೊನೆಗೆ ಡಾಕ್ಟರ್ ಆದವರು. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದರು. ನೋವು ಮರಳಿ ಬರುವುದಕ್ಕೆ ಮುಂಚೆನೇ ಹೊತ್ತುಹೊತ್ತಿಗೆ ಮಾರ್ಫಿನ್ ಕೊಡಬೇಕು ಅಂತ ಕಲಿಸಿದರು. ಶರೀರದ್ದು, ಮನಸ್ಸಿನದು, ಕುಟುಂಬದ್ದು, ಆತ್ಮದ್ದು ಎಲ್ಲಾ ಸೇರಿದ್ದೇ ಸಾಯುವವರ ‘ಸಮಗ್ರ ನೋವು’ ಅಂದರು.

ಆ ಮನೆಗೆ ಅವರು ಅಸ್ತಿವಾರವಾಗಿ ತೆಗೆದುಕೊಂಡದ್ದು ಗೆತ್ಸೇಮನೆಯಲ್ಲಿ ಯೇಸು ಶಿಷ್ಯರನ್ನು ಕೇಳಿಕೊಂಡ ಮಾತನ್ನೇ. ಗಮನಿಸಿರಿ, ಆತನು ವಿವರಣೆ ಕೇಳಲಿಲ್ಲ; ತನ್ನ ಜೊತೆ ಎಚ್ಚರವಾಗಿರಲು ಕೇಳಿದನು. ಅವರು ನಿದ್ದೆಹೋದರು.

ಹಾಸಿಗೆ ಹಿಡಿದವರ ಸ್ವಸ್ಥತೆಗಾಗಿ ನಾವು ಪ್ರಾರ್ಥಿಸ್ತೇವೆ. ಪ್ರಾರ್ಥಿಸಲೇಬೇಕು. ಆದರೆ ಅವರು, “ಪಾಸ್ಟರ್, ಭಯ ಆಗ್ತಿದೆ, ಮಕ್ಕಳ ಹತ್ರ ಮಾತಾಡಬೇಕು” ಅಂದಾಗ, “ಹಾಗೆಲ್ಲಾ ಅನ್ನಬೇಡಿ, ನಂಬಿಕೆ ಇಡಿ” ಅಂತ ಬಾಯಿ ಮುಚ್ಚಿಸಿದರೆ, ಮನೆ ತುಂಬಾ ಜನ ಇದ್ದರೂ ಅವರು ಒಂಟಿಯಾಗಿ ಸಾಯ್ತಾರೆ. ಭಯ ಹೇಳಿಕೊಳ್ಳುವುದು ಅಪನಂಬಿಕೆಯಲ್ಲ. ಕರ್ತನೇ ಆ ರಾತ್ರಿ ತನ್ನ ದುಃಖವನ್ನು ಹೇಳಿಕೊಂಡನು.

ಈ ವಾರ ನೋಡಲು ಹೋಗುವವರು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತುಕೊಳ್ಳಿ. ಮೊದಲು ಕೇಳಿಸಿಕೊಳ್ಳಿ, ಆಮೇಲೆ ಕೈ ಹಿಡಿದು ಪ್ರಾರ್ಥಿಸಿರಿ. ಆಮೆನ್.