ಹತ್ತು ಸುತ್ತಿನ ಲೆಕ್ಕ

ಹಾಸನದಿಂದ ಮಂಗಳೂರಿಗೆ ಹೊರಟಿದ್ದೆವು. ನಾನು, ಹೆಂಡತಿ, ಇಬ್ಬರು ಮಕ್ಕಳು, ಡಿಕ್ಕಿ ತುಂಬ ಸಾಮಾನು. ಸಕಲೇಶಪುರ ಬರುವ ಮೊದಲೇ, ವೇಗ ಎಂಬತ್ತು ಮುಟ್ಟಿದಾಗಲೆಲ್ಲ ಸ್ಟೇರಿಂಗ್ ಸಣ್ಣಗೆ ನಡುಗುತ್ತಿತ್ತು. ವೀಲ್ ಬ್ಯಾಲೆನ್ಸಿಂಗ್ ಹೋಗಿರಬೇಕು, ಊರು ತಲುಪಿ ನೋಡೋಣ ಅಂದುಕೊಂಡೆ. ದೋಣಿಗಾಲ್ ಹತ್ತಿರ ಎಡಗಡೆ ಮುಂದಿನ ಚಕ್ರದಿಂದ ಟಕ್ ಟಕ್ ಸದ್ದು ಶುರುವಾಯಿತು. ಗಾಡಿ ನಿಲ್ಲಿಸಿ ಪಾನಾ ಹಾಕಿದರೆ ನಾಲ್ಕು ನಟ್‌ಗಳಲ್ಲಿ ಒಂದು ಅರ್ಧ ಸುತ್ತು ಸಲೀಸಾಗಿ ತಿರುಗಿತು. ಇನ್ನೊಂದೂ ಸಡಿಲವಾಗಿತ್ತು. ಎದುರಿಗೆ ಶಿರಾಡಿ ಘಾಟಿಯ ಇಳಿಜಾರು, ಹಿಂದಿನ ಸೀಟಿನಲ್ಲಿ ನಿದ್ದೆ ಮಾಡುತ್ತಿದ್ದ ಮಕ್ಕಳು. ಆ ಗಳಿಗೆಯನ್ನು ನಾನು ಮರೆತಿಲ್ಲ.

ಅದಕ್ಕೆ ಮೂರು ವಾರ ಮೊದಲು ನಮ್ಮ ಸ್ವಿಫ್ಟ್ ಕಾರಿನ ಮುಂದಿನ ಎರಡು ಚಕ್ರಗಳಿಗೆ ತಲಾ 5 ಮಿಲಿಮೀಟರಿನ ಸ್ಪೇಸರ್ ಹಾಕಿಸಿದ್ದೆ. ಕಂಪನಿಯ ಚಕ್ರ ಮಡ್‌ಗಾರ್ಡಿನೊಳಗೆ ಹುದುಗಿದಂತೆ ಕಾಣುತ್ತದೆ, ಸ್ವಲ್ಪ ಹೊರಗೆ ಬಂದರೆ ಗಾಡಿಗೊಂದು ಗತ್ತು ಬರುತ್ತದೆ ಅನ್ನುವ ಆಸೆ. ಅಲಾಯ್ ವೀಲ್‌ಗೆ ದುಡ್ಡು ಸುರಿಯುವ ಬದಲು ಚಕ್ರದ ಇದ್ದ ಕಬ್ಬಿಣದ ಡಿಸ್ಕನ್ನೇ ಉಳಿಸಿಕೊಂಡು, ಅದಕ್ಕೂ ಅದು ಕೂರುವ ಹಬ್‌ಗೂ ನಡುವೆ ಒಂದು ಅಲ್ಯೂಮಿನಿಯಂ ಬಿಲ್ಲೆ ಸೇರಿಸಿದರೆ ಆಯಿತಲ್ಲ! ಅರ್ಧ ಗಂಟೆಯ ಕೆಲಸ. ಯಾರೂ ಏನನ್ನೂ ಅಳೆಯಲಿಲ್ಲ, ನಾನೂ ಕೇಳಲಿಲ್ಲ.

ರಸ್ತೆ ಬದಿಯಲ್ಲೇ ಜ್ಯಾಕ್ ಕೊಟ್ಟು ಎರಡೂ ಸ್ಪೇಸರ್ ತೆಗೆದೆ. ನಟ್ ಬಿಚ್ಚುವಾಗ ಎಣಿಸಿದೆ: ಏಳು ಸುತ್ತಿಗೆ ಕೈಗೆ ಬಂತು. ಸ್ಪೇಸರ್ ಇಲ್ಲದೆ ಅದೇ ನಟ್ ಹಾಕಿದಾಗ ಹನ್ನೊಂದು ಸುತ್ತು ಹೋಯಿತು. ಇಡೀ ಕಥೆ ಇರುವುದು ಈ ನಾಲ್ಕು ಸುತ್ತಿನಲ್ಲಿ. ಸ್ವಿಫ್ಟ್‌ನ ಸ್ಟಡ್, ಅಂದರೆ ನಟ್ ಕೂರುವ ಬೋಲ್ಟ್, 12 ಮಿಲಿಮೀಟರ್ ದಪ್ಪ, ಅದರ ಥ್ರೆಡ್ ಒಂದು ಸುತ್ತಿಗೆ 1.25 ಮಿಲಿಮೀಟರ್ ಸರಿಯುತ್ತದೆ. 5 ಮಿಲಿಮೀಟರಿನ ಬಿಲ್ಲೆ ನಡುವೆ ಬಂದರೆ ಸರಿಯಾಗಿ ನಾಲ್ಕು ಸುತ್ತು ಹಿಡಿತ ಹೋಯಿತು. ಸ್ಟಡ್ ಎಷ್ಟು ದಪ್ಪವೋ ಕನಿಷ್ಠ ಅಷ್ಟು ಉದ್ದ ನಟ್ ಕಚ್ಚಿಕೊಂಡಿರಬೇಕು ಅನ್ನುವುದು ಫಿಟ್ಟರ್‌ಗಳ ಹಳೆಯ ಲೆಕ್ಕ. ನನ್ನ ಗಾಡಿಗೆ ಅದು ಹತ್ತಿರ ಹತ್ತಿರ ಹತ್ತು ಸುತ್ತು. ನಾನು ಏಳರಲ್ಲಿ ಸಂಸಾರ ಕೂರಿಸಿಕೊಂಡು ಓಡಾಡುತ್ತಿದ್ದೆ.

ನಡುಕದ ಕಾರಣವೂ ಅಲ್ಲೇ ಕಂಡಿತು. ಹಬ್‌ನ ಮಧ್ಯೆ ಉಂಗುರದಂತೆ ಒಂದು ಅಂಚು ಮುಂದಕ್ಕೆ ಚಾಚಿರುತ್ತದೆ. ಡಿಸ್ಕ್‌ನ ನಡುವಿನ ತೂತು ಅದರ ಮೇಲೆ ಬಿಗಿಯಾಗಿ ಕೂತಾಗ ಚಕ್ರ ನಟ್ಟನಡುವೆ ನಿಲ್ಲುತ್ತದೆ. ನನ್ನ ಸ್ಪೇಸರ್ ಆ ಅಂಚನ್ನು ಪೂರ್ತಿ ನುಂಗಿತ್ತು. ಹತ್ತಾರು ಕಾರುಗಳಿಗೆ ಹೊಂದಲಿ ಅಂತ ಮಾಡಿದ ಮಾಲು ಅದು: ಸ್ಟಡ್ ತೂರಿಸಲು ದುಂಡು ತೂತಿನ ಬದಲು ಉದ್ದನೆಯ ಸೀಳು, ನಡುವಿನ ತೂತು ಹಬ್‌ಗಿಂತ ಎಷ್ಟೋ ಅಗಲ. ಚಕ್ರ ಕೂದಲೆಳೆಯಷ್ಟು ನಡು ತಪ್ಪಿ ತಿರುಗುತ್ತಿತ್ತು. ಆ ಅದುರಾಟಕ್ಕೆ, ಮೊದಲೇ ಅರೆಬರೆ ಹಿಡಿದಿದ್ದ ನಟ್ ಸಡಿಲವಾಗುತ್ತಾ ಬಂದಿದೆ. ಸಡಿಲವಾದ ನಟ್ ಕೂರುವ ಜಾಗ ಉಜ್ಜಿ ಉಜ್ಜಿ ಬೆಳ್ಳಗೆ ಹೊಳೆಯುತ್ತಿತ್ತು.

ಊರಿಗೆ ಬಂದ ಮೇಲೆ, ತನ್ನದೇ ಸ್ಟಡ್ ಇರುವ 20 ಮಿಲಿಮೀಟರಿನ ದಪ್ಪ ಸ್ಪೇಸರ್ ಹಾಕಿಸಿದರೆ ಹೇಗೆ ಅಂತ ವಿಚಾರಿಸಿದೆ. ನನಗೆ ಪರಿಚಯದ ಹಿರಿಯ ಮೆಕ್ಯಾನಿಕ್ ಸ್ಕೇಲ್ ಹಿಡಿದು ತೋರಿಸಿದರು. ಕಾರಿನ ಮೂಲ ಸ್ಟಡ್ ಆ ಸ್ಪೇಸರ್‌ಗಿಂತ ಉದ್ದ, ಅದರ ತುದಿ ಹೊರಗೆ ಚಾಚುತ್ತದೆ. ಎಷ್ಟೋ ಅಲಾಯ್ ವೀಲ್‌ಗಳ ಹಿಂಬದಿ ಆ ತುದಿಗೆ ಜಾಗ ಕೊಡುವ ಗುಳಿಗಳಿರುತ್ತವೆ. ನನ್ನ ಕಬ್ಬಿಣದ ಡಿಸ್ಕ್‌ನಲ್ಲಿ ಇರಲಿಲ್ಲ. ಹಾಗೇ ಬಿಗಿದರೆ ಡಿಸ್ಕ್ ಸ್ಪೇಸರ್ ಮೇಲೆ ಕೂರದೆ ಸ್ಟಡ್‌ಗಳ ತುದಿಯ ಮೇಲೆ ನಿಲ್ಲುತ್ತದೆ. ಜೊತೆಗೆ ಚಕ್ರ ಹೊರಗೆ ಹೋದಷ್ಟೂ ಬೇರಿಂಗ್ ಮೇಲೆ ಹೊರೆ ಹೆಚ್ಚು, ಗುಂಡಿಗೆ ಬಿದ್ದಾಗ ಸ್ಟೇರಿಂಗ್ ಕೈಯಿಂದ ಕಿತ್ತುಕೊಳ್ಳುವುದೂ ಹೆಚ್ಚು. ನಾನು ಆಸೆ ಕೈಬಿಟ್ಟೆ. ಉಜ್ಜಿ ಹಾಳಾಗಿದ್ದ ಡಿಸ್ಕ್ ಮತ್ತು ಆ ಚಕ್ರದ ಸ್ಟಡ್‌ಗಳನ್ನು ಬದಲಿಸಿ ಹೊಸವನ್ನು ಹಾಕಿಸಿದೆ. ಗಾಡಿ ಈಗ ಕಂಪನಿ ಕೊಟ್ಟ ಹಾಗೇ ಓಡುತ್ತಿದೆ, ನಡುಕ ಇಲ್ಲ.

ನಿಮಗೂ ಹಾಕಿಸುವ ಮನಸ್ಸಿದ್ದರೆ ನಿಮ್ಮ ಮಾಡೆಲ್‌ಗೆಂದೇ ಮಾಡಿದ, ಹಬ್ ಮೇಲೆ ಬಿಗಿಯಾಗಿ ಕೂತು ಡಿಸ್ಕ್‌ಗೂ ತನ್ನದೇ ಅಂಚು ಕೊಡುವ ಸ್ಪೇಸರನ್ನೇ ಹುಡುಕಿ. ಹಿಡಿತ ಕಡಿಮೆಯಾದರೆ ಉದ್ದನೆಯ ಸ್ಟಡ್ ಹಾಕಿಸಿ. ಹಬ್‌ನ ತುಕ್ಕನ್ನು ತಂತಿ ಬ್ರಷ್‌ನಿಂದ ಪೂರ್ತಿ ತೆಗೆಸಿ. ಮ್ಯಾನುಯಲ್ ಹೇಳಿದಷ್ಟೇ ಬಿಗಿ ಬರುವಂತೆ ಟಾರ್ಕ್ ರೆಂಚ್‌ನಿಂದ ಎದುರುಬದುರು ನಟ್‌ಗಳನ್ನು ಬಿಗಿಸಿ, ನೂರು ಕಿಲೋಮೀಟರ್ ಒಳಗೆ ಮತ್ತೊಮ್ಮೆ ನೋಡಿಸಿ. ನಾಲ್ಕು ಜನರನ್ನು ಕೂರಿಸಿ, ಸ್ಟೇರಿಂಗ್ ಪೂರ್ತಿ ತಿರುಗಿಸಿ, ಟೈರ್ ಎಲ್ಲಾದರೂ ಉಜ್ಜುತ್ತದೆಯೇ ಪರೀಕ್ಷಿಸಿ.

ಈಗಾಗಲೇ ಹಾಕಿಸಿದ್ದರೆ ನನ್ನದೊಂದು ಕೋರಿಕೆ. ಮುಂದಿನ ಪ್ರಯಾಣಕ್ಕೆ ಮೊದಲು ಜ್ಯಾಕ್ ಕೊಟ್ಟು ಒಂದು ನಟ್ ಬಿಚ್ಚಿ, ಸುತ್ತು ಎಣಿಸಿ. ಸ್ಟಡ್‌ನ ದಪ್ಪದಷ್ಟು ಹಿಡಿತ ಇಲ್ಲದಿದ್ದರೆ ಅವತ್ತೇ ಸ್ಪೇಸರ್ ತೆಗೆಸಿ.