ಬಹುಮಾನ ಯಾವುದಕ್ಕೆ?

ಕೃಷ್ಣರಾಜಪೇಟೆ ತಾಲ್ಲೂಕಿನ ಗೋವಿಂದನಹಳ್ಳಿಯಲ್ಲಿ 13ನೆಯ ಶತಮಾನದ ಪಂಚಲಿಂಗೇಶ್ವರ ದೇವಾಲಯವುಂಟು. ಅಲ್ಲಿ ಕೆಲಸಮಾಡಿದ ರೂವಾರಿ ಮಲ್ಲಿತಮ್ಮನಂತಹ ಹೊಯ್ಸಳ ಶಿಲ್ಪಿಗಳು ತಾವು ಕಡೆದ ವಿಗ್ರಹದ ಅಡಿಯಲ್ಲಿ ಹೆಸರನ್ನು ಕೊರೆಯುತ್ತಿದ್ದರು. ಮೊದಲು ಕೆಲಸ, ತರುವಾಯ ಹೆಸರು. ಶಾಲೆಯ ಬಹುಮಾನಕ್ಕೂ ಇದೇ ನಿಯಮವು ಸಲ್ಲತಕ್ಕದ್ದು.

2024ನೆಯ ಇಸವಿಯ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಬಾಗಲಕೋಟೆ ಜಿಲ್ಲೆಯ ಮೊರಾರ್ಜಿ ದೇಸಾಯಿ ವಸತಿ ಶಾಲೆಯ ವಿದ್ಯಾರ್ಥಿನಿಯೊಬ್ಬಳು 625ಕ್ಕೆ 625 ಅಂಕಗಳನ್ನು ಪಡೆದು ರಾಜ್ಯಕ್ಕೆ ಪ್ರಥಮಳಾದಳು. ಇದು ಬಹು ಶ್ಲಾಘ್ಯವಾದದ್ದು. ಆದರೆ ಪ್ರಥಮಸ್ಥಾನವು ಒಂದೇ. ಪರೀಕ್ಷೆಗೆ ಕುಳಿತವರು ಲಕ್ಷಗಟ್ಟಲೆ. ಮಿಕ್ಕವರ ಶ್ರಮವನ್ನು ಯಾರು ಗುರುತಿಸಬೇಕು?

ಆದುದರಿಂದ ಬಹುಮಾನ ಕೊಡುವವರು ಮೂರು ಸಂಗತಿಗಳನ್ನು ಗಮನಿಸಬೇಕು. ಒಂದನೆಯದು, ಯಾವ ಕೆಲಸಕ್ಕಾಗಿ ಕೊಟ್ಟಿತೆಂಬುದನ್ನು ಸ್ಪಷ್ಟವಾಗಿ ಹೇಳುವುದು. ಕಾರಣವಿಲ್ಲದ ಹೊಗಳಿಕೆಯಿಂದ ಮಗು ಏನನ್ನೂ ಕಲಿಯದು. ಎರಡನೆಯದು, ಅಂಕಗಳ ಮೊತ್ತವನ್ನು ಮಾತ್ರವಲ್ಲದೆ ಏರಿಕೆಯನ್ನೂ ಮನ್ನಿಸುವುದು. 35ರಿಂದ 60ಕ್ಕೆ ಏರಿದವಳು 90ರಲ್ಲಿ ನಿಂತವಳಿಗಿಂತ ಹೆಚ್ಚು ದೂರ ನಡೆದಿದ್ದಾಳೆ. ಮೂರನೆಯದು, ಬಹುಮಾನ ಪಡೆಯದವಳನ್ನು ಮನೆಯಲ್ಲಿ ಹೀಯಾಳಿಸದಿರುವುದು. ಇದು ತಂದೆತಾಯಿಗಳ ಕೈಯಲ್ಲಿದೆ.

ಕಾಲೇಜಿಗೆ ಹೋದ ಹುಡುಗಿಯನ್ನು ಪದಕವು ಬಹುದೂರ ನಡೆಸಲಾರದು. ಅರ್ಥವಾಗದುದನ್ನು ಕೇಳುವ ಧೈರ್ಯವೂ, ತಾನೇ ಓದಿ ಅರಿಯುವ ಅಭ್ಯಾಸವೂ ಅಲ್ಲಿ ಅವಳ ಕೈಹಿಡಿಯುವುವು. ಇವನ್ನು ಬೆಳೆಸುವ ಬಹುಮಾನವೇ ನಿಜವಾದ ಬಹುಮಾನ.