ಹಿಗ್ಗುವ ಎರೆಮಣ್ಣು ಮತ್ತು ಹಿಡಿದಿಡುವ ಪ್ಲಾಸ್ಟಿಕ್ ಪಟ್ಟಿ

ವಿಜ್ಞಾನ ಮತ್ತು ಪರಿಸರ ಅಧ್ಯಯನ: 8ರಿಂದ 10ನೆಯ ತರಗತಿಯವರೆಗೆ
ಅವಧಿ: ನಾಲ್ಕು ತಾಸುಗಳು; ಚಟುವಟಿಕೆಗಳಿಗೆ ಒಂದು ವಾರ

ಪಾಠದ ಉದ್ದೇಶ

ಈ ಪಾಠದ ಕೊನೆಯಲ್ಲಿ ವಿದ್ಯಾರ್ಥಿಯು ಎರೆಮಣ್ಣು ಏಕೆ ಹಿಗ್ಗಿ ಕುಗ್ಗುತ್ತದೆ ಎಂಬುದನ್ನು ವಿವರಿಸಬಲ್ಲವನಾಗಬೇಕು. ಆ ಹಿಗ್ಗುವಿಕೆಯನ್ನು ಸರಳ ಸಾಧನಗಳಿಂದ ಅಳೆಯಬಲ್ಲವನಾಗಬೇಕು. ತ್ಯಾಜ್ಯ ಪ್ಲಾಸ್ಟಿಕ್ಕಿನ ಪಟ್ಟಿಗಳು ಮಣ್ಣಿಗೆ ಬಲ ನೀಡುವ ಬಗೆಯನ್ನೂ ಅದರ ಮಿತಿಗಳನ್ನೂ ಅರಿತಿರಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಕಟ್ಟಡದ ಮಣ್ಣಿಗೂ ಬೆಳೆಯ ಮಣ್ಣಿಗೂ ಇರುವ ಭೇದವನ್ನು ಅವನು ಮರೆಯಬಾರದು.

ಪೀಠಿಕೆ

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಆದವಾನಿ ಸೀಮೆಗಳ ಎರೆಭೂಮಿಯ ಊರುಗಳಲ್ಲಿ ಒಂದು ಅನುಭವ ಸಾಮಾನ್ಯವಾದುದು. ಬೇಸಿಗೆಯಲ್ಲಿ ಹೊಲ ಅಂಗೈಯಗಲ ಬಿರುಕು ಬಿಡುತ್ತದೆ. ಮಳೆ ಬಿದ್ದೊಡನೆ ಅದೇ ಬಿರುಕು ಕಾಣದಂತೆ ಮುಚ್ಚಿಕೊಳ್ಳುತ್ತದೆ. ಮನೆಯ ಗೋಡೆಯಲ್ಲಿ ಕಿಟಕಿಯ ಮೂಲೆಯಿಂದ ಓರೆಯಾಗಿ ಏರಿದ ಸೀಳು ಮಾತ್ರ ಹಾಗೆ ಕೂಡಿಕೊಳ್ಳುವುದಿಲ್ಲ. ವರ್ಷಕ್ಕೊಮ್ಮೆ ಗಿಲಾವು ಮಾಡಿದರೂ ಅದು ಮತ್ತೆ ಬಾಯಿ ತೆರೆಯುತ್ತದೆ. ಎಷ್ಟೋ ಶಾಲೆಗಳ ಕಂಪೌಂಡ್ ಗೋಡೆಗಳಲ್ಲಿಯೂ ಈ ಸೀಳು ಕಾಣಸಿಗುವುದರಿಂದ ಪಾಠವನ್ನು ತರಗತಿಯ ಹೊರಗೆ, ಗೋಡೆಯ ಎದುರಿನಲ್ಲಿಯೇ ಆರಂಭಿಸುವುದು ಸೂಕ್ತ.

ಈ ಮಣ್ಣಿಗೆ ಕನ್ನಡದಲ್ಲಿ ಎರೆ, ಎರಿ, ಕರಿಮಣ್ಣು ಎಂದು ಹೆಸರು. ಮರಾಠಿಯಲ್ಲಿ ಕಾಳಿ ಮಾತಿ, ತೆಲುಗಿನಲ್ಲಿ ನಲ್ಲರೇಗಡಿ, ತಮಿಳಿನಲ್ಲಿ ಕರಿಸಲ್. ಭೂಗೋಲದ ಪುಸ್ತಕಗಳಲ್ಲಿ ಬರುವ ‘ರೇಗೂರ್’ ಎಂಬ ಹೆಸರು ತೆಲುಗಿನ ಮಾತಿನಿಂದ ಬಂದುದು. ಮನೆಯಲ್ಲಿ ಒಂದು ಭಾಷೆ, ಪೇಟೆಯಲ್ಲಿ ಇನ್ನೊಂದು ಭಾಷೆ ಆಡುವ ಮಕ್ಕಳಿಗೆ ಈ ಎಲ್ಲ ಹೆಸರುಗಳೂ ಪರಿಚಿತವಾಗಿರುತ್ತವೆ. ಅವುಗಳನ್ನು ಫಲಕದ ಮೇಲೆ ಬರೆಸಿ, ಎಲ್ಲವೂ ಒಂದೇ ಮಣ್ಣಿನ ಹೆಸರುಗಳೆಂದು ಮನಗಾಣಿಸಬೇಕು.

ಎರೆಮಣ್ಣಿನ ಸ್ವಭಾವ

ದಖ್ಖನಿನ ಎರೆಮಣ್ಣು ಹೆಚ್ಚಿನ ಭಾಗ ಬಸಾಲ್ಟ್ ಎಂಬ ಕರಿಕಲ್ಲು ಸವೆದು ಆದುದು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಹರಿದ ಲಾವಾ ಪದರಪದರವಾಗಿ ಆರಿ ಈ ಕಲ್ಲಾಯಿತು. ಅದು ಕಾಲಾಂತರದಲ್ಲಿ ಗಾಳಿ, ನೀರು, ಬಿಸಿಲುಗಳಿಂದ ಶಿಥಿಲವಾದಾಗ ಹುಟ್ಟಿದ ಜೇಡಿಯ ಖನಿಜಗಳಲ್ಲಿ ಮಾಂಟ್‌ಮೊರಿಲೊನೈಟ್ ಮುಖ್ಯವಾದುದು.

ಜೇಡಿಯ ಕಣ 0.002 ಮಿಲಿಮೀಟರಿಗಿಂತ ಚಿಕ್ಕದು. ಮಾಂಟ್‌ಮೊರಿಲೊನೈಟಿನ ಕಣವು ಅತಿ ತೆಳುವಾದ ಹಾಳೆಗಳ ಕಟ್ಟಿನಂತಿರುತ್ತದೆ. ಹಾಳೆ ಹಾಳೆಗಳ ನಡುವಿನ ಬಂಧ ಸಡಿಲವಾದುದರಿಂದ ನೀರಿನ ಅಣುಗಳು ಒಳಹೊಕ್ಕು ಹಾಳೆಗಳನ್ನು ದೂರ ಸರಿಸುತ್ತವೆ. ಆಗ ಮಣ್ಣು ಹಿಗ್ಗುತ್ತದೆ. ನೀರು ಆರಿದಾಗ ಹಾಳೆಗಳು ಮತ್ತೆ ಹತ್ತಿರವಾಗುತ್ತವೆ. ಆಗ ಮಣ್ಣು ಕುಗ್ಗಿ ಬಿರಿಯುತ್ತದೆ. ಕಾಸರಗೋಡಿನ ಮುರಕಲ್ಲಿನ ನೆಲದಲ್ಲಿಯೂ ಜೇಡಿ ಉಂಟು. ಆದರೆ ಅಲ್ಲಿ ಕೆಯೊಲಿನೈಟ್ ಎಂಬ ಖನಿಜ ಪ್ರಧಾನ. ಅದರ ಹಾಳೆಗಳ ಬಂಧ ಬಿಗಿಯಾದುದರಿಂದ ಆ ಮಣ್ಣು ಇಷ್ಟು ಹಿಗ್ಗುವುದಿಲ್ಲ. ಎಲ್ಲ ಜೇಡಿಯೂ ಒಂದೇ ಅಲ್ಲವೆಂಬುದನ್ನು ತಿಳಿಸಲು ಈ ಹೋಲಿಕೆ ಉಪಯುಕ್ತ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಎರೆಮಣ್ಣು ‘ಕೆಟ್ಟ’ ಮಣ್ಣಲ್ಲ. ಮಳೆ ನಿಂತ ಮೇಲೂ ತೇವವನ್ನು ಒಡಲಲ್ಲಿ ಹಿಡಿದಿಡುವ ಗುಣದಿಂದಲೇ ಅದರ ಮೇಲೆ ಹಿಂಗಾರಿ ಜೋಳ, ಕಡಲೆ ಬೆಳೆಯುತ್ತವೆ. ಒಕ್ಕಲಿಗನಿಗೆ ವರವಾದ ಗುಣವೇ ಮನೆ ಕಟ್ಟುವವನಿಗೂ ರಸ್ತೆ ಹಾಕುವವನಿಗೂ ತೊಡಕಾಗುತ್ತದೆ. ಮಣ್ಣಿನ ‘ದೌರ್ಬಲ್ಯ’ವೆಂಬುದು ಅದರಿಂದ ಪಡೆಯಬೇಕಾದ ಕೆಲಸವನ್ನು ಅವಲಂಬಿಸಿದೆ.

ಹಳೆಯ ತಿಳಿವಳಿಕೆ: ಮಣ್ಣಿನಲ್ಲಿ ಹುಲ್ಲು

ಮಣ್ಣಿಗೆ ಎಳೆಗಳನ್ನು ಬೆರೆಸಿ ಬಲಪಡಿಸುವ ಉಪಾಯ ಹೊಸತಲ್ಲ. ಹಸಿ ಇಟ್ಟಿಗೆ ಮಾಡುವವರು ಕೆಸರಿಗೆ ಕತ್ತರಿಸಿದ ಹುಲ್ಲನ್ನೂ ಹೊಟ್ಟನ್ನೂ ಹಾಕಿ ತುಳಿಯುತ್ತಿದ್ದರು. ಗೋಡೆ ಮೆತ್ತುವ ಹೆಣ್ಣುಮಕ್ಕಳು ಮಣ್ಣಿನೊಡನೆ ಸೆಗಣಿಯನ್ನು ಕಲಸುತ್ತಿದ್ದರು. ಸೆಗಣಿಯಲ್ಲಿರುವ ನಾರಿನೆಳೆಗಳು ಗಿಲಾವು ಬಿರಿಯದಂತೆ ತಡೆಯುತ್ತಿದ್ದುವು. ಈ ಕೆಲಸವನ್ನು ಕಂಡ ಅಜ್ಜ ಅಜ್ಜಿಯರು ಇಂದಿಗೂ ಊರಿನಲ್ಲಿದ್ದರೆ ಅವರನ್ನು ಶಾಲೆಗೆ ಕರೆಯಿಸಿ ಮಕ್ಕಳ ಮುಂದೆ ಮಾತನಾಡಿಸುವುದು ಒಳಿತು.

ಇದರ ತತ್ತ್ವ ಸರಳವಾದುದು. ಮಣ್ಣು ಒತ್ತಡವನ್ನು ತಾಳಬಲ್ಲುದು, ಎಳೆತವನ್ನು ತಾಳಲಾರದು. ಆರುವ ಮಣ್ಣು ಕುಗ್ಗುವಾಗ ಒಳಗೆ ಎಳೆತ ಉಂಟಾಗುತ್ತದೆ. ಬಿರುಕು ಹುಟ್ಟುವ ಕಡೆಯಲ್ಲಿ ಅಡ್ಡಲಾಗಿ ಒಂದು ಎಳೆ ಬಿದ್ದಿದ್ದರೆ ಎರಡು ಬದಿಯ ಮಣ್ಣೂ ಅದನ್ನು ಹಿಡಿದುಕೊಂಡು, ಎಳೆತದ ಭಾರ ಎಳೆಗೆ ವರ್ಗವಾಗುತ್ತದೆ. 1960ರ ದಶಕದಲ್ಲಿ ಫ್ರಾನ್ಸಿನ ಅಭಿಯಂತರ ಆಂರಿ ವಿಡಾಲ್ ಲೋಹದ ಪಟ್ಟಿಗಳನ್ನು ಮಣ್ಣಿನ ಪದರಗಳ ನಡುವೆ ಹಾಸಿ ಎತ್ತರದ ತಡೆಗೋಡೆಗಳನ್ನು ನಿಲ್ಲಿಸುವ ವಿಧಾನವನ್ನು ರೂಪಿಸಿದನು. ಇಂದಿನ ‘ಬಲವರ್ಧಿತ ಮಣ್ಣಿ’ನ ಶಾಸ್ತ್ರ ಅಲ್ಲಿಂದ ವಿಸ್ತಾರಗೊಂಡಿತು.

ಪ್ಲಾಸ್ಟಿಕ್ ಪಟ್ಟಿಯ ಕೆಲಸ

ಹುಲ್ಲು ಕೊಳೆಯುತ್ತದೆ, ಕಬ್ಬಿಣ ತುಕ್ಕು ಹಿಡಿಯುತ್ತದೆ. ಪ್ಲಾಸ್ಟಿಕ್ ನೆಲದೊಳಗೆ ಬಹುಕಾಲ ಉಳಿಯುತ್ತದೆ. ಪರಿಸರಕ್ಕೆ ಹಾನಿಯಾದ ಈ ಗುಣವೇ ಇಲ್ಲಿ ಉಪಯೋಗಕ್ಕೆ ಬರಬಹುದೇ ಎಂಬ ಯೋಚನೆಯಿಂದ ಅನೇಕ ಪ್ರಯೋಗಶಾಲೆಗಳಲ್ಲಿ ಪರೀಕ್ಷೆಗಳು ನಡೆದಿವೆ. ಬಳಸಿ ಎಸೆದ ನೀರಿನ ಬಾಟಲಿಗಳನ್ನು ತೊಳೆದು, ಒಣಗಿಸಿ, ಒಂದೆರಡು ಸೆಂಟಿಮೀಟರ್ ಉದ್ದದ ಕಿರಿದಾದ ಪಟ್ಟಿಗಳಾಗಿ ಕತ್ತರಿಸಿ, ಒಣಮಣ್ಣಿನ ತೂಕದ ಶೇಕಡಾ ಒಂದರ ಆಸುಪಾಸಿನಲ್ಲಿ ಅಥವಾ ಅದಕ್ಕಿಂತ ಕಡಿಮೆ ಪ್ರಮಾಣದಲ್ಲಿ ಬೆರೆಸುವುದು ವಾಡಿಕೆ. ಬಳಿಕ ತಕ್ಕಷ್ಟು ನೀರು ಹಾಕಿ, ದಮ್ಮಸು ಮಾಡಿ, ಬಲವನ್ನು ಅಳೆಯುತ್ತಾರೆ.

ರಸ್ತೆಯ ಅಡಿಮಣ್ಣಿನ ಬಲವನ್ನು ಅಳೆಯುವ ಪರೀಕ್ಷೆಗೆ ‘ಕ್ಯಾಲಿಫೋರ್ನಿಯಾ ಬೇರಿಂಗ್ ರೇಷಿಯೊ’ ಅಥವಾ ಸಂಕ್ಷೇಪವಾಗಿ ಸಿ.ಬಿ.ಆರ್. ಎಂದು ಹೆಸರು. ನಾಲ್ಕು ದಿನ ನೀರಿನಲ್ಲಿ ನೆನೆಸಿದ ಮಣ್ಣಿನೊಳಗೆ 50 ಮಿ.ಮೀ. ವ್ಯಾಸದ ಉಕ್ಕಿನ ಕಂಬಿಯನ್ನು ನಿಮಿಷಕ್ಕೆ 1.25 ಮಿ.ಮೀ. ವೇಗದಲ್ಲಿ ಇಳಿಸುತ್ತಾರೆ. ಅದು 2.5 ಮಿ.ಮೀ. ಇಳಿಯಲು ಜಲ್ಲಿಕಲ್ಲಿನ ಮಾದರಿಗೆ ಬೇಕಾಗುವ ಭಾರ 1370 ಕಿಲೋಗ್ರಾಂ. ಮಣ್ಣಿಗೆ 41.1 ಕಿಲೋಗ್ರಾಂ ಸಾಕಾದರೆ ಅದರ ಸಿ.ಬಿ.ಆರ್. ಶೇಕಡಾ 3. ನೆನೆದ ಎರೆಮಣ್ಣಿನ ಬೆಲೆ ಸಾಮಾನ್ಯವಾಗಿ ಇಂಥ ಕೆಳಮಟ್ಟದಲ್ಲಿಯೇ ಇರುತ್ತದೆ. ಬೆಲೆ ಕಡಿಮೆಯಾದಷ್ಟೂ ಮೇಲಿನ ಜಲ್ಲಿಯ ಪದರ ದಪ್ಪವಾಗಿರಬೇಕಾಗುತ್ತದೆ, ವೆಚ್ಚ ಏರುತ್ತದೆ.

ಪಟ್ಟಿಗಳನ್ನು ಬೆರೆಸಿದಾಗ ಈ ಬೆಲೆ ಒಂದು ಹದದವರೆಗೆ ಏರುವುದು ಪರೀಕ್ಷೆಗಳಲ್ಲಿ ಕಂಡುಬಂದಿದೆ. ಹದ ಮೀರಿದರೆ ಮಣ್ಣು ಮಣ್ಣನ್ನು ಮುಟ್ಟುವ ಬದಲು ಪಟ್ಟಿ ಪಟ್ಟಿಯನ್ನು ಮುಟ್ಟುತ್ತದೆ. ನುಣುಪಾದ ಮೈಗಳು ಜಾರಿ ಬಲ ಕುಸಿಯುತ್ತದೆ. ಆದುದರಿಂದ ‘ಹೆಚ್ಚು ಹಾಕಿದಷ್ಟೂ ಹೆಚ್ಚು ಬಲ’ ಎಂಬ ಊಹೆ ಸರಿಯಲ್ಲ.

ಈ ವಿಧಾನವನ್ನು ‘ಪ್ಲಾಸ್ಟಿಕ್ ರಸ್ತೆ’ಯೊಡನೆ ಬೆರೆಸಬಾರದು. ಮಧುರೆಯ ತ್ಯಾಗರಾಜರ್ ಇಂಜಿನಿಯರಿಂಗ್ ಕಾಲೇಜಿನ ರಸಾಯನಶಾಸ್ತ್ರದ ಪ್ರಾಧ್ಯಾಪಕ ಆರ್. ವಾಸುದೇವನ್ ಅವರು ರೂಪಿಸಿದ ವಿಧಾನದಲ್ಲಿ ಚೂರು ಪ್ಲಾಸ್ಟಿಕ್ಕನ್ನು ಬಿಸಿ ಜಲ್ಲಿಯ ಮೇಲೆ ಕರಗಿಸಿ ಲೇಪಿಸಿ, ಬಳಿಕ ಡಾಂಬರು ಸೇರಿಸುತ್ತಾರೆ. ಅವರಿಗೆ 2018ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. ಅದು ರಸ್ತೆಯ ಮೇಲ್ಪದರದ ಕೆಲಸ. ಈ ಪಾಠದ ವಿಷಯ ಅಡಿಯ ಮಣ್ಣು. ಅಲ್ಲಿ ಪ್ಲಾಸ್ಟಿಕ್ ಅಂಟಾಗುತ್ತದೆ. ಇಲ್ಲಿ ಎಳೆಯಾಗಿ ಉಳಿಯುತ್ತದೆ.

ಮಿತಿಗಳು

ಮೊದಲನೆಯದಾಗಿ, ಪ್ಲಾಸ್ಟಿಕ್ ಪಟ್ಟಿಯು ಜೇಡಿಯ ಖನಿಜವನ್ನು ಬದಲಿಸುವುದಿಲ್ಲ. ಹಾಳೆಗಳ ನಡುವೆ ನೀರು ಹೋಗುವುದನ್ನು ಅದು ತಡೆಯಲಾರದು. ಹಿಗ್ಗುವ ಮಣ್ಣನ್ನು ಹಿಡಿದಿಡಲು ಯತ್ನಿಸುತ್ತದೆ, ಅಷ್ಟೆ. ಸುಣ್ಣದ ಕೆಲಸ ಬೇರೆ. ಸುಣ್ಣದಲ್ಲಿರುವ ಕ್ಯಾಲ್ಸಿಯಂ ಜೇಡಿಯೊಡನೆ ರಾಸಾಯನಿಕವಾಗಿ ವರ್ತಿಸಿ ಹಿಗ್ಗುವ ಗುಣವನ್ನೇ ತಗ್ಗಿಸುತ್ತದೆ.

ಎರಡನೆಯದಾಗಿ, ಪ್ರಯೋಗಶಾಲೆಯ ಬೋಗುಣಿಯಲ್ಲಿ ಕೈಯಿಂದ ಸಮನಾಗಿ ಬೆರೆಸುವುದು ಸುಲಭ. ಅಂಟುವ ಎರೆಮಣ್ಣಿನಲ್ಲಿ, ಮೈಲಿಗಟ್ಟಲೆ ರಸ್ತೆಗೆ ಬೆರೆಸುವುದು ಕಷ್ಟ.

ಮೂರನೆಯದು ಎಲ್ಲಕ್ಕಿಂತ ಗಂಭೀರವಾದುದು. ರಸ್ತೆ ಕೊಚ್ಚಿಹೋದರೆ, ಅಗೆದುಹಾಕಿದರೆ, ಪಟ್ಟಿಗಳು ಹೊಲಕ್ಕೂ ಹಳ್ಳಕ್ಕೂ ಸೇರುತ್ತವೆ. ಬಿಸಿಲಿಗೆ ಬಿದ್ದ ಪ್ಲಾಸ್ಟಿಕ್ ಪೆಡಸಾಗಿ, ಕಣ್ಣಿಗೆ ಕಾಣದಷ್ಟು ಚಿಕ್ಕ ಚೂರುಗಳಾಗಿ ಒಡೆಯುತ್ತದೆ. ಅವುಗಳನ್ನು ಮರಳಿ ಆರಿಸುವುದು ಅಸಾಧ್ಯ.

ಆದುದರಿಂದಲೇ ಇತರ ಉಪಾಯಗಳನ್ನೂ ಪಾಠದಲ್ಲಿ ಹೇಳಬೇಕು. ಮುಂಬಯಿಯ ಐ.ಐ.ಟಿ.ಯಲ್ಲಿದ್ದ ಆರ್. ಕೆ. ಕಟ್ಟಿ ಅವರು ಎರೆಮಣ್ಣಿನ ಮೇಲೆ ಹಿಗ್ಗದ, ಆದರೆ ಅಂಟುಗುಣವುಳ್ಳ ಮಣ್ಣಿನ ದಪ್ಪ ಪದರ ಹಾಸುವ ವಿಧಾನವನ್ನು ಪ್ರತಿಪಾದಿಸಿದರು. ಕಾಲುವೆಗಳ ಕೆಲಸದಲ್ಲಿ ಅದು ಬಳಕೆಗೆ ಬಂದಿತು. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನ ಸಂಸ್ಥೆಯು ಬುಡದಲ್ಲಿ ಗಡ್ಡೆಯಂತೆ ಅಗಲವಾಗುವ ಕಾಂಕ್ರೀಟ್ ಕಂಬಗಳ ಬುನಾದಿಯನ್ನು ಎರೆಭೂಮಿಯ ಮನೆಗಳಿಗಾಗಿ ಬೆಳೆಸಿತು. ಋತುಮಾನಕ್ಕೆ ತಕ್ಕಂತೆ ಹಿಗ್ಗಿ ಕುಗ್ಗುವ ಮೇಲ್ಪದರವನ್ನು ದಾಟಿ, ಅಲುಗದ ಆಳದಲ್ಲಿ ಆ ಕಂಬ ಕಾಲೂರುತ್ತದೆ.

ಚಟುವಟಿಕೆ 1: ಹಿಗ್ಗುವಿಕೆಯ ಅಳತೆ

ಎರೆಮಣ್ಣನ್ನು ಚೆನ್ನಾಗಿ ಒಣಗಿಸಿ, ಕುಟ್ಟಿ, ಸಣ್ಣ ಜರಡಿಯಲ್ಲಿ ಸೋಸಬೇಕು. 100 ಮಿಲಿಲೀಟರಿನ ಎರಡು ಅಳತೆ ಜಾಡಿಗಳಲ್ಲಿ ತಲಾ 10 ಗ್ರಾಂ ಮಣ್ಣು ಹಾಕಿ, ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಬೇಕು. ಗಾಳಿಯ ಗುಳ್ಳೆ ಹೋಗುವಂತೆ ಕಲಕಿ 24 ತಾಸು ಬಿಡಬೇಕು. ಸೀಮೆಎಣ್ಣೆಯನ್ನು ಶಿಕ್ಷಕರೇ ಸುರಿಯಬೇಕು. ಹತ್ತಿರ ಬೆಂಕಿ ಇರಬಾರದು.

ಸೀಮೆಎಣ್ಣೆಯಲ್ಲಿ ಈ ಮಣ್ಣು ಹಿಗ್ಗುವುದಿಲ್ಲ. ನೀರಿನ ಜಾಡಿಯಲ್ಲಿ ಮಣ್ಣಿನ ಮಟ್ಟ 18 ಮಿ.ಲೀ., ಸೀಮೆಎಣ್ಣೆಯ ಜಾಡಿಯಲ್ಲಿ 10 ಮಿ.ಲೀ. ಇದೆಯೆಂದು ಭಾವಿಸಿದರೆ, ವ್ಯತ್ಯಾಸ 8. ಅದನ್ನು 10ರಿಂದ ಭಾಗಿಸಿ 100ರಿಂದ ಗುಣಿಸಿದರೆ ಹಿಗ್ಗುವಿಕೆಯ ಸೂಚ್ಯಂಕ ಶೇಕಡಾ 80. ಈ ಸಂಖ್ಯೆ 50ಕ್ಕಿಂತ ಕಡಿಮೆಯಾದರೆ ಹಿಗ್ಗುವಿಕೆ ಅಲ್ಪವೆಂದು ತಿಳಿಯಬಹುದು. ಮಸಾರಿ ಮಣ್ಣಿನಿಂದಲೂ ಇದನ್ನು ಮಾಡಿಸಿ ಹೋಲಿಸಬೇಕು. ಹೊಸೂರು, ತಾಳವಾಡಿ, ಕಾಸರಗೋಡಿನ ಶಾಲೆಗಳು ತಮ್ಮ ಕೆಮ್ಮಣ್ಣಿನಿಂದ ಮಾಡಿದರೆ ಫಲಿತಾಂಶ ಬೇರೆಯಾಗುವುದು. ಏಕೆ ಬೇರೆ ಎಂಬುದೇ ಅಲ್ಲಿಯ ಪಾಠ.

ಚಟುವಟಿಕೆ 2: ಮೂರು ಹಸಿ ಇಟ್ಟಿಗೆಗಳು

ಒಂದೇ ಅಳತೆಯ ಮೂರು ಅಚ್ಚುಗಳಲ್ಲಿ ಎರೆಮಣ್ಣಿನ ಹಸಿ ಇಟ್ಟಿಗೆ ಮಾಡಿಸಬೇಕು: ಮೊದಲನೆಯದು ಬರಿಯ ಮಣ್ಣು, ಎರಡನೆಯದು ಕತ್ತರಿಸಿದ ಹುಲ್ಲು ಬೆರೆಸಿದುದು, ಮೂರನೆಯದು ಪ್ರತಿ ಕಿಲೋಗ್ರಾಂ ಒಣಮಣ್ಣಿಗೆ 5 ಗ್ರಾಂನಂತೆ ಬಾಟಲಿಯ ಪಟ್ಟಿ ಬೆರೆಸಿದುದು. ಮೂರಕ್ಕೂ ಒಂದೇ ಪ್ರಮಾಣದ ನೀರು. ಬಾಟಲಿಯ ಅಂಚು ಕೈ ಕೊಯ್ಯುವಷ್ಟು ಹರಿತವಾಗಿರುವುದರಿಂದ ಪಟ್ಟಿಗಳನ್ನು ದೊಡ್ಡವರು ಕತ್ತರಿಸಿ ಕೊಡಬೇಕು. ನೆರಳಿನಲ್ಲಿ ಒಂದು ವಾರ ಒಣಗಿಸಿ, ಪ್ರತಿದಿನವೂ ಉದ್ದವನ್ನೂ ಬಿರುಕುಗಳ ಸಂಖ್ಯೆಯನ್ನೂ ಬರೆದಿಡಬೇಕು. ಬಿರುಕಿನ ಎದುರು ಬದಿಗಳನ್ನು ಪಟ್ಟಿಯೊಂದು ಹಿಡಿದಿರುವುದು ಕಂಡರೆ ತೋರಿಸಬೇಕು. ಫಲಿತಾಂಶ ಪುಸ್ತಕದಂತೆ ಬರದಿದ್ದರೆ ತಿದ್ದದೆ, ಕಾರಣ ಹುಡುಕಿಸಬೇಕು. ಮುಗಿದ ಮೇಲೆ ಮೂರನೆಯ ಇಟ್ಟಿಗೆಯನ್ನು ನೆನೆಸಿ, ಜರಡಿ ಹಿಡಿದು, ಪಟ್ಟಿಗಳನ್ನೆಲ್ಲ ಆರಿಸಿ ಎಣಿಸಬೇಕು. ಎಲ್ಲವೂ ಮರಳಿ ಸಿಕ್ಕವೇ ಎಂಬ ಪ್ರಶ್ನೆ ಮುಂದಿನ ಚರ್ಚೆಗೆ ದಾರಿಯಾಗುತ್ತದೆ.

ಗಣಿತದ ಕೊಂಡಿ

100 ಮೀಟರ್ ಉದ್ದ, 3.75 ಮೀಟರ್ ಅಗಲದ ಹಳ್ಳಿಯ ರಸ್ತೆಯ ಅಡಿಯಲ್ಲಿ 0.3 ಮೀಟರ್ ದಪ್ಪದ ಮಣ್ಣನ್ನು ಬಲಪಡಿಸಬೇಕಾಗಿದೆ. ಗಾತ್ರ 112.5 ಘನ ಮೀಟರ್. ಘನ ಮೀಟರಿಗೆ 1.5 ಟನ್ ಒಣಮಣ್ಣು ಎಂದು ಹಿಡಿದರೆ ತೂಕ 168.75 ಟನ್. ಅದರ ಶೇಕಡಾ 0.5 ಎಂದರೆ 843.75 ಕಿಲೋಗ್ರಾಂ ಪ್ಲಾಸ್ಟಿಕ್. ಬಾಟಲಿಯೊಂದರ ತೂಕ 25 ಗ್ರಾಂ ಎಂದಾದರೆ ಬೇಕಾಗುವ ಬಾಟಲಿಗಳು 33,750. ತಮ್ಮ ಊರಿನಲ್ಲಿ ಇಷ್ಟು ಬಾಟಲಿ ಎಷ್ಟು ದಿನಕ್ಕೆ ಕೂಡುತ್ತದೆ, ಅವನ್ನು ತೊಳೆಯಲು ನೀರೆಷ್ಟು ಬೇಕು, ಕತ್ತರಿಸುವವರು ಯಾರು ಎಂಬುದನ್ನು ಮಕ್ಕಳೇ ಲೆಕ್ಕ ಹಾಕಲಿ.

ಚರ್ಚೆಗೆ ಬರುವ ಪ್ರಶ್ನೆ

ಈ ಪಾಠ ಕೇಳಿದ ಮಕ್ಕಳಲ್ಲಿ ಒಬ್ಬರಾದರೂ, “ಸರ್, ಹಾಗಾದರೆ ಹೊಲದಾಗ ಪ್ಲಾಸ್ಟಿಕ್ ಬಿದ್ದರ ಮಣ್ಣಿಗೆ ಚಲೋನs ಅಲ್ಲರೀ?” ಎಂದು ಕೇಳುವ ಸಂಭವವುಂಟು. ಪ್ರಶ್ನೆ ತಪ್ಪೆಂದು ತಳ್ಳಿಹಾಕಬಾರದು. ಪಾಠದ ತಿರುಳು ಅದರಲ್ಲಿಯೇ ಇದೆ. ರಸ್ತೆಯ ಅಡಿಮಣ್ಣು ಉಸಿರಾಡಬೇಕಾಗಿಲ್ಲ. ಅಲ್ಲಿ ಬೇರಿಲ್ಲ, ಎರೆಹುಳುವಿಲ್ಲ. ಹೊಲದ ಮಣ್ಣು ನೀರು ಕುಡಿಯಬೇಕು, ಬೇರಿಗೆ ದಾರಿ ಕೊಡಬೇಕು. ಅಲ್ಲಿ ಬಿದ್ದ ಹಾಳೆ ಅದಕ್ಕೆ ಅಡ್ಡಿಯಾಗುತ್ತದೆ; ಬದುವಿನಲ್ಲಿ ಮೇಯುವ ದನದ ಹೊಟ್ಟೆ ಸೇರಿದರೆ ಪ್ರಾಣಕ್ಕೆ ಎರವಾಗುತ್ತದೆ. ಅಭಿಯಂತರನು ತೂಗಿ, ಅಳೆದು, ಗೊತ್ತಾದ ಸ್ಥಳದಲ್ಲಿ ಹೂತ ಪಟ್ಟಿ ಬೇರೆ. ದಾರಿಯಲ್ಲಿ ಎಸೆದ ಚೀಲ ಬೇರೆ. ಮೊದಲನೆಯದು ಎರಡನೆಯದಕ್ಕೆ ಅನುಮತಿಯಾಗಲಾರದು. ಪ್ಲಾಸ್ಟಿಕ್ಕನ್ನು ಕಡಿಮೆ ಬಳಸುವುದೇ ಮೊದಲ ಕರ್ತವ್ಯ. ಬಳಸಿದುದನ್ನು ಮರುಬಳಸುವುದು ಎರಡನೆಯದು. ಮಣ್ಣಿನಲ್ಲಿ ಹೂಳುವುದು ಬೇರೆ ದಾರಿಯಿಲ್ಲದಾಗ, ತಿಳಿದವರ ಕೈಯಿಂದ ಆಗಬೇಕಾದ ಕೆಲಸ.

ಅಭ್ಯಾಸ

1. ಬೇಸಿಗೆಯಲ್ಲಿ ಎರೆಹೊಲ ಬಿರಿಯಲು ಕಾರಣವೇನು? ಹಾಳೆಗಳ ಕಟ್ಟಿನ ಚಿತ್ರ ಬರೆದು ವಿವರಿಸಿರಿ.
2. ಪರೀಕ್ಷೆಯಲ್ಲಿ ನೀರಿನೊಡನೆ ಸೀಮೆಎಣ್ಣೆಯನ್ನೂ ಬಳಸುವುದೇಕೆ?
3. ಸುಣ್ಣವೂ ಪ್ಲಾಸ್ಟಿಕ್ ಪಟ್ಟಿಯೂ ಮಣ್ಣಿಗೆ ಬಲ ನೀಡುವ ಬಗೆಯಲ್ಲಿ ಇರುವ ವ್ಯತ್ಯಾಸವನ್ನು ತಿಳಿಸಿರಿ.
4. ಪಟ್ಟಿಗಳ ಪ್ರಮಾಣ ಹದ ಮೀರಿದರೆ ಬಲ ಕುಸಿಯುವುದೇಕೆ?
5. ನಿಮ್ಮ ಊರಿನಲ್ಲಿ ಬಿರುಕು ಬಿಟ್ಟ ಒಂದು ಗೋಡೆಯನ್ನು ಗುರುತಿಸಿ, ಸೀಳಿನ ಎರಡು ಬದಿಗೂ ಗುರುತು ಹಾಕಿ, ತಿಂಗಳಿಗೊಮ್ಮೆ ಅದರ ಅಗಲವನ್ನು ಅಳೆಯಿರಿ. ಬೇಸಿಗೆಯಿಂದ ಮಳೆಗಾಲದ ಕೊನೆಯವರೆಗಿನ ಅಂಕಿಗಳಿಂದ ರೇಖಾಚಿತ್ರ ಬರೆದು, ಆ ಮನೆಯವರಿಗೂ ಅದನ್ನು ತೋರಿಸಿ ವಿವರಿಸಿರಿ.